ಗಣಕಾಡಳಿತದ ಪ್ರಗತಿಯೂ ಅದರ ಮಾನದಂಡವೂ

೧

ಸರ್ಕಾರದ ಕಛೇರಿಗಳ ವ್ಯವಹಾರವು ಕಾಗದದಿಂದ ಗಣಕಯಂತ್ರಕ್ಕೆ ಸಾಗಿದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಬಗೆಯ ಆಧಾರಗಳನ್ನು ಅವಲಂಬಿಸುವರು. ಇಷ್ಟು ಲಕ್ಷ ದಾಖಲೆಗಳು ಯಂತ್ರವನ್ನು ಸೇರಿದುವು, ಇಷ್ಟು ಸೇವೆಗಳು ಅಂತರ್ಜಾಲದಲ್ಲಿ ದೊರೆಯತೊಡಗಿದುವು ಎಂಬ ಲೆಕ್ಕವು ಒಂದು. ಇಂತಹ ರಾಜ್ಯವು ಇಂತಹ ವರ್ಷದಲ್ಲಿ ಇಷ್ಟನೆಯ ಸ್ಥಾನವನ್ನು ಪಡೆಯಿತೆಂಬ ಶ್ರೇಣಿಯು ಇನ್ನೊಂದು. ಈ ಎರಡೂ ಅಳತೆಯ ಫಲಗಳು. ಅಳತೆಯ ಫಲವಾದರೋ ಅಳೆದ ಕೋಲನ್ನೂ ಆ ಕೋಲನ್ನು ಹಿಡಿದ ಕೈಯನ್ನೂ ಅನುಸರಿಸತಕ್ಕುದು. ಕೋಲಿನ ವಿಚಾರವನ್ನು ಬಿಟ್ಟು ಫಲವನ್ನು ಮಾತ್ರ ಹಿಡಿದು ಬರೆದ ಚರಿತ್ರೆಯು ಪ್ರಗತಿಯ ಚರಿತ್ರೆಯಾಗದೆ ಪ್ರಶಸ್ತಿಪಾಠವಾಗಿಬಿಡುವ ಸಂಭವವುಂಟು. ಆದುದರಿಂದ ೧೯೯೧ರಿಂದ ಈಚೆಗೆ ಕರ್ನಾಟಕದಲ್ಲಿ ನಡೆದ ಈ ಪರಿವರ್ತನೆಯನ್ನು ಯಾರು, ಯಾವ ಮಾನದಿಂದ, ಏನನ್ನು ಅಳೆದರೆಂಬುದನ್ನು ಕ್ರಮವಾಗಿ ವಿವೇಚಿಸುವುದು ಅವಶ್ಯವಾಗಿದೆ.

ಬರೆದಿಡುವವನು ಒಬ್ಬನು, ಬರೆದುದನ್ನು ಪರೀಕ್ಷಿಸುವವನು ಮತ್ತೊಬ್ಬನು ಎಂಬ ವಿಧಿಯು ಭಾರತೀಯ ರಾಜನೀತಿಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತು, ೧೯೦೯ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಂದ ಮುದ್ರಿತವಾದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸಮಾಹರ್ತೃವಿನ ಕಾರ್ಯವು ನಿರೂಪಿತವಾಗಿದೆ. ಆತನ ಕೈಕೆಳಗಿನ ಗೋಪನೆಂಬ ಅಧಿಕಾರಿಯು ಐದು ಅಥವಾ ಹತ್ತು ಗ್ರಾಮಗಳ ಎಲ್ಲೆಗಳನ್ನೂ, ಹೊಲಗಳನ್ನೂ, ಕರವುಳ್ಳ ಮತ್ತು ಕರವಿಲ್ಲದ ಮನೆಗಳನ್ನೂ, ಜನಗಳನ್ನೂ, ದನಕರುಗಳನ್ನೂ ಲೆಕ್ಕಕ್ಕೆ ತರಬೇಕು. ಗ್ರಂಥಕಾರನು ಇಷ್ಟಕ್ಕೆ ನಿಲ್ಲಿಸಲಿಲ್ಲ. ಗೃಹಸ್ಥರ ವೇಷವನ್ನು ಧರಿಸಿದ ಗೂಢಚಾರರು ಅದೇ ಗ್ರಾಮಗಳಿಗೆ ಹೋಗಿ ಹೊಲದ ಅಳತೆಯನ್ನೂ, ಬೆಳೆಯನ್ನೂ, ಕುಟುಂಬಗಳನ್ನೂ ಸ್ವತಂತ್ರವಾಗಿ ತಿಳಿದು ಬರಬೇಕೆಂದೂ ವಿಧಿಸಿದ್ದಾನೆ. ಗೋಪನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಕೆಲಸಕ್ಕೆ ಅವನೇ ಸಾಕ್ಷಿಯಾಗಲಾರನೆಂಬುದು ಇದರ ಅಭಿಪ್ರಾಯವು.

ಕನ್ನಡನಾಡಿನ ಶಾಸನಗಳಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ಪದ್ಧತಿಯು ಕಾಣಬರುತ್ತದೆ. ದತ್ತಿಯ ಭೂಮಿಯನ್ನು ಹೇಳುವಾಗ ನಿವರ್ತನ, ಮತ್ತರು, ಕಮ್ಮ ಎಂಬ ಪರಿಮಾಣಗಳನ್ನು ಮಾತ್ರ ಹೇಳಿ ಬಿಡದೆ, ಅವನ್ನು ಯಾವ ಮಾನದಿಂದ ಅಳೆಯಲಾಯಿತೆಂಬುದನ್ನೂ ಶಾಸನಕಾರರು ಹಲವು ಕಡೆ ನಮೂದಿಸಿದ್ದಾರೆ. ಪ್ರಾಚೀನವಾದ ಸಂಸ್ಕೃತ ತಾಮ್ರಪಟಗಳಲ್ಲಿ ರಾಜಮಾನವೆಂಬ ಮಾತು ಬಂದರೆ, ಬಳ್ಳಿಗಾವೆಯ ಪ್ರಾಂತ್ಯದಲ್ಲಿ ಭೇರುಂಡ ಗಳೆಯು ಪ್ರಸಿದ್ಧವಾಗಿದ್ದಿತು. ಊರೂರಿಗೂ ಗಳೆಯ ಉದ್ದವು ಬೇರೆಯಾಗಿದ್ದುದರಿಂದ, ಗಳೆಯ ಹೆಸರಿಲ್ಲದ ಮತ್ತರಿಗೆ ಬೆಲೆಯಿರಲಿಲ್ಲ. ಹತ್ತು ಮತ್ತರೆಂಬ ಒಂದೇ ಮಾತು ಒಂದು ಗಳೆಯಲ್ಲಿ ಹಿರಿದಾದ ಹೊಲವನ್ನೂ ಮತ್ತೊಂದರಲ್ಲಿ ಕಿರಿದಾದ ಹೊಲವನ್ನೂ ಸೂಚಿಸಬಹುದಾಗಿದ್ದಿತು. ಪರೀಕ್ಷಕನು ಬೇರೆಯಿರಬೇಕು, ಕೋಲಿನ ಹೆಸರನ್ನು ಹೇಳಬೇಕು ಎಂಬ ಈ ಎರಡು ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಚಿನ ಕಾಲದ ವೃತ್ತಾಂತವನ್ನು ನೋಡಬಹುದು.

೨

ಮೈಸೂರು ಸೀಮೆಯಲ್ಲಿ ಕಂದಾಯದ ಭೂಮಾಪನ ಇಲಾಖೆಯು ೧೮೬೩ರಲ್ಲಿ ಸ್ಥಾಪಿತವಾಯಿತು. ಮೂವತ್ತಮೂರು ಅಡಿಗಳ ಸರಪಣಿಯು ಅಲ್ಲಿಂದ ಮುಂದೆ ಹೊಲಗಳ ಮಾನದಂಡವಾಯಿತು. ಆ ಸರಪಣಿಯ ವರ್ಗವೇ ಒಂದು ಗುಂಟೆಯು. ನಲವತ್ತು ಗುಂಟೆಗಳು ಒಂದು ಎಕರೆಯು. ಹೀಗೆ ಗಳೆಗಳ ಭೇದವು ಅಳಿದು ಇಡೀ ಸೀಮೆಗೆ ಒಂದೇ ಕೋಲು ಬಂದರೂ, ಅಳತೆಯ ಪುಸ್ತಕವು ಹಳ್ಳಿಯ ಶಾನುಭೋಗನ ಕೈಯಲ್ಲಿಯೇ ಉಳಿಯಿತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಶಾಸನದಿಂದ ವಂಶಪಾರಂಪರ್ಯದ ಶಾನುಭೋಗಿಕೆಯು ಕೊನೆಗಂಡು, ಸಂಬಳದ ಗ್ರಾಮಲೆಕ್ಕಿಗನು ಆ ಸ್ಥಾನಕ್ಕೆ ಬಂದನು. ೧೯೬೪ರ ಭೂಕಂದಾಯ ಶಾಸನದ ಮೇರೆಗೆ ಹಕ್ಕು, ಗೇಣಿ, ಬೆಳೆ ಈ ಮೂರನ್ನೂ ಒಳಗೊಂಡ ಪತ್ರವೇ ರೈತರ ಬಾಯಲ್ಲಿ ಪಹಣಿಯೆನಿಸಿಕೊಂಡಿದೆ. ಬ್ಯಾಂಕಿನ ಸಾಲಕ್ಕೂ, ನ್ಯಾಯಾಲಯದ ವ್ಯಾಜ್ಯಕ್ಕೂ, ಬೆಳೆನಷ್ಟದ ಪರಿಹಾರಕ್ಕೂ ರೈತನಿಗೆ ಪಹಣಿಯೇ ಆಧಾರವು. ಅದರಲ್ಲಿ ಒಂದು ಗುಂಟೆಯು ತಪ್ಪಿದರೂ, ಒಂದು ಹೆಸರು ಬಿಟ್ಟರೂ ಒಂದು ಮನೆತನದ ಅನ್ನಕ್ಕೆ ಕುತ್ತು ಬರುವುದು. ಪಹಣಿಯ ಪ್ರತಿಗಾಗಿಯೂ ಖಾತೆಯ ಬದಲಾವಣೆಗಾಗಿಯೂ ರೈತರು ಲೆಕ್ಕಿಗನನ್ನು ಹುಡುಕಿಕೊಂಡು ಅಲೆಯುತ್ತಿದ್ದುದೂ, ಅವನ ಕೈಬಿಸಿ ಮಾಡಬೇಕಾಗಿ ಬರುತ್ತಿದ್ದುದೂ ಸರ್ವವಿದಿತವಾಗಿದೆ.

ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರವು ೧೯೮೮-೮೯ರಲ್ಲಿ ಧನಸಹಾಯದ ಯೋಜನೆಯೊಂದನ್ನು ಆರಂಭಿಸಿತು. ಕರ್ನಾಟಕದಲ್ಲಿ ೧೯೯೧ರಲ್ಲಿ ಗುಲ್ಬರ್ಗಾ ಜಿಲ್ಲೆಯನ್ನು ಇದರ ಪ್ರಯೋಗಕ್ಕೆ ಆರಿಸಿಕೊಳ್ಳಲಾಯಿತು. ದಾಖಲೆಗಳನ್ನು ಯಂತ್ರಕ್ಕೆ ಏರಿಸುವುದೇ ಅಂದಿನ ಯೋಜನೆಯ ಗುರಿಯಾಗಿದ್ದಿತು. ಅಳತೆಯೂ ಹಾಗೆಯೇ ಏರಿಸಿದ ದಾಖಲೆಗಳ ಸಂಖ್ಯೆಯಾಗಿದ್ದಿತು. ಆದರೆ ಖಾತೆಯು ನಿಜವಾಗಿ ಬದಲಾಗುವ ಸ್ಥಾನವು ತಾಲ್ಲೂಕು ಕಛೇರಿ. ಅಲ್ಲಿಯೇ ಯಂತ್ರವನ್ನಿಡುವ ಏರ್ಪಾಡು ಮೊದಲಿನ ಯೋಜನೆಯಲ್ಲಿರಲಿಲ್ಲ. ಯಂತ್ರದೊಳಗಿನ ಪಹಣಿಯು ಏರಿಸಿದ ದಿನದ ಸ್ಥಿತಿಯಲ್ಲಿಯೇ ನಿಂತಿತು. ಕೈಬರಹದ ಪಹಣಿಯು ಮುಂದೆ ನಡೆಯಿತು. ಸಂಖ್ಯೆಯಿಂದ ನೋಡಿದರೆ ಕಾರ್ಯವು ಮುಂದುವರಿದಿತ್ತು, ರೈತನ ಕಡೆಯಿಂದ ನೋಡಿದರೆ ಏನೂ ನಡೆದಿರಲಿಲ್ಲ. ಅಳತೆಯು ಕಾರ್ಯದ ಉದ್ದೇಶವನ್ನು ಬಿಟ್ಟು ಅದರ ಹೊರರೂಪವನ್ನು ಹಿಡಿದಾಗ ಸಂಭವಿಸುವ ದೋಷಕ್ಕೆ ಕರ್ನಾಟಕದ ಈ ಚರಿತ್ರೆಯಲ್ಲಿ ಇದು ಮೊದಲನೆಯ ನಿದರ್ಶನವು.

೩

ಈ ಕೊರತೆಯನ್ನು ಕಂಡುಕೊಂಡು ರಚಿತವಾದುದೇ 'ಭೂಮಿ' ಯೋಜನೆಯು. ೨೦೦೧-೦೨ರ ವೇಳೆಗೆ ರಾಜ್ಯದ ೧೭೬ ತಾಲ್ಲೂಕುಗಳಲ್ಲಿ, ಸುಮಾರು ೬೭ ಲಕ್ಷ ಖಾತೆದಾರರಿಗೆ ಸೇರಿದ ಸುಮಾರು ಎರಡು ಕೋಟಿ ಪಹಣಿಗಳು ಯಂತ್ರಸ್ಥವಾದುವು. ತಾಲ್ಲೂಕು ಕಛೇರಿಯಲ್ಲಿಯೇ ಕೇಂದ್ರವು ತೆರೆಯಲ್ಪಟ್ಟು, ಯಾವ ರೈತನಾದರೂ ೧೫ ರೂಪಾಯಿಗಳನ್ನು ಕೊಟ್ಟು ಯಾವ ಪಹಣಿಯ ಪ್ರತಿಯನ್ನಾದರೂ ಪಡೆಯುವಂತಾಯಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆಯು ನಿಂತುಹೋಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಅನುಕ್ರಮದಲ್ಲಿಯೇ ಇತ್ಯರ್ಥವಾಗತಕ್ಕವೆಂದು ಯಂತ್ರವೇ ನಿರ್ಬಂಧಿಸಿತು. ದಾಖಲೆಯನ್ನು ತಿದ್ದುವ ಅಧಿಕಾರಿಯು ತನ್ನ ಬೆರಳ ಗುರುತನ್ನೊತ್ತಿದ ಹೊರತು ತಿದ್ದುಪಡಿಯು ಸಾಧ್ಯವಿರಲಿಲ್ಲ. ಆದುದರಿಂದ ಯಾರು ಯಾವಾಗ ತಿದ್ದಿದರೆಂಬುದು ಗುಟ್ಟಾಗಿ ಉಳಿಯುವಂತಿರಲಿಲ್ಲ. ಕೇಂದ್ರದ ಎರಡನೆಯ ಪರದೆಯು ಅರ್ಜಿದಾರನ ಕಡೆಗೆ ತಿರುಗಿದ್ದು, ಒಳಗೆ ನಡೆಯುವುದನ್ನು ಅವನೂ ನೋಡಬಹುದಾಗಿದ್ದಿತು.

ಈ ಯೋಜನೆಯನ್ನು ಮೊದಲು ಅಳೆದ ಪರಕೀಯರಲ್ಲಿ ಬೆಂಗಳೂರಿನ ಸಾರ್ವಜನಿಕ ವ್ಯವಹಾರಗಳ ಕೇಂದ್ರವು ಗಣ್ಯವಾದುದು. ಆ ಸಂಸ್ಥೆಯು ೨೦೦೨ರಲ್ಲಿ ದಾಖಲೆಗಳ ಸಂಖ್ಯೆಯನ್ನು ಎಣಿಸುವುದಕ್ಕೆ ಹೋಗದೆ, ಕೇಂದ್ರಗಳಿಗೆ ಬಂದ ರೈತರನ್ನೇ ಪ್ರಶ್ನಿಸಿತು. ಹಿಂದಿನ ಪದ್ಧತಿಯಲ್ಲಿ ಲಂಚವನ್ನು ಕೊಟ್ಟೆವೆಂದವರು ನೂರಕ್ಕೆ ೬೬ ಮಂದಿ. ಭೂಮಿ ಕೇಂದ್ರದಲ್ಲಿ ಕೊಟ್ಟೆವೆಂದವರು ನೂರಕ್ಕೆ ೩ ಮಂದಿ. ಇಲಾಖೆಯ ವರದಿಯಲ್ಲಿ ಎಂದಿಗೂ ಬರಲಾರದ ಅಂಕಿಯು ಇದು. ಲಂಚದ ಲೆಕ್ಕವನ್ನು ಪಡೆದವನು ಕೊಡಲಾರನು, ಕೊಟ್ಟವನನ್ನೇ ಕೇಳಬೇಕು. ಕೌಟಿಲ್ಯನ ಗೃಹಸ್ಥವೇಷಧಾರಿಗಳ ಕಾರ್ಯವನ್ನು ಇಲ್ಲಿ ವೇಷವಿಲ್ಲದೆಯೇ ಮಾಡಿದಂತಾಯಿತು.

ಆದರೆ ಈ ಅಳತೆಗೂ ಒಂದು ಎಲ್ಲೆಯಿದ್ದಿತು. ಕೇಂದ್ರದ ಮುಂದೆ ನಿಂತವರನ್ನು ಕೇಳಿದರೆ ಕೇಂದ್ರಕ್ಕೆ ಬರಲಾರದವರ ಸ್ಥಿತಿಯು ತಿಳಿಯದು. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕಡೆಯಿಂದ ಯೋಜನೆಯನ್ನು ನೋಡಿತು. ಹಳ್ಳಿಯಲ್ಲಿದ್ದ ಅಧಿಕಾರವು ತಾಲ್ಲೂಕಿಗೆ ಏರಿದುದರಿಂದ ಸಣ್ಣ ಹಿಡುವಳಿದಾರರಿಗೆ ವೆಚ್ಚವೂ ವಿಳಂಬವೂ ಹೆಚ್ಚಿದುವೆಂದೂ, ಬೆಂಗಳೂರಿನ ಸುತ್ತಣ ಜಮೀನನ್ನು ಕೊಳ್ಳಲು ಬಯಸಿದ ದೊಡ್ಡ ವ್ಯವಹಾರಸ್ಥರಿಗೆ ಒಂದೆಡೆಯಲ್ಲಿ ಸಮಗ್ರವಾಗಿ ದೊರೆತ ದಾಖಲೆಯು ಅನುಕೂಲವಾಯಿತೆಂದೂ ಅವರು ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೂ ೨೦೦೨ರ ಅಂಕಿಯನ್ನೂ ೨೦೦೭ರ ವಾದವನ್ನೂ ಪರಸ್ಪರ ವಿರುದ್ಧವೆಂದು ತಿಳಿಯಬೇಕಾದುದಿಲ್ಲ. ಒಂದು ಪಹಣಿಯ ಪ್ರತಿಯನ್ನು ಪಡೆಯುವ ಸೌಲಭ್ಯವನ್ನು ಅಳೆಯಿತು, ಇನ್ನೊಂದು ಆ ಪ್ರತಿಯಿಂದ ಯಾರ ಬಲವು ಬೆಳೆಯಿತೆಂಬುದನ್ನು ಅಳೆಯಲು ಯತ್ನಿಸಿತು. ಗಳೆಯ ಹೆಸರನ್ನು ಹೇಳಿದರೆ ಎರಡೂ ಪ್ರಮಾಣಗಳಾಗಬಹುದು.

೪

ಜಿಲ್ಲೆ ಜಿಲ್ಲೆಗಳನ್ನು ಒಂದಕ್ಕೊಂದು ಹೋಲಿಸಿ ಶ್ರೇಣಿಯನ್ನು ಕೊಡುವ ಪದ್ಧತಿಯು ಸಕಾಲ ಯೋಜನೆಯಿಂದ ಕರ್ನಾಟಕದಲ್ಲಿ ರೂಢವಾಯಿತು. ನಾಗರಿಕರಿಗೆ ಸೇವೆಗಳನ್ನು ಖಾತರಿಪಡಿಸುವ ೨೦೧೧ರ ಶಾಸನವು ೨೦೧೨ರ ಏಪ್ರಿಲಿನಲ್ಲಿ ರಾಜ್ಯಾದ್ಯಂತ ಆಚರಣೆಗೆ ಬಂದಿತು. ಪ್ರತಿಯೊಂದು ಸೇವೆಗೂ ದಿನಗಳ ಮಿತಿಯುಂಟು. ಅರ್ಜಿದಾರನಿಗೆ ಹದಿನೈದು ಅಂಕೆಗಳ ಸಂಖ್ಯೆಯೊಂದು ದೊರೆಯುವುದು. ಅವಧಿಯು ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಗಳವರೆಗೆ ಪರಿಹಾರವನ್ನು ಕೇಳಬಹುದು. ಅರ್ಜಿಯು ಯಾವ ಮೇಜಿನ ಮೇಲೆ ಎಷ್ಟು ದಿನ ನಿಂತಿತೆಂಬುದು ಯಂತ್ರದಿಂದಲೇ ತಿಳಿಯುವುದರಿಂದ, ಜಿಲ್ಲೆಗಳ ಕಾರ್ಯವನ್ನು ಹೋಲಿಸುವುದು ಸುಲಭಸಾಧ್ಯವಾಯಿತು. ಜನಸಂಖ್ಯೆಯ ಪ್ರಮಾಣದಲ್ಲಿ ಬಂದ ಅರ್ಜಿಗಳೂ, ಅವಧಿಯೊಳಗಾದ ವಿಲೇವಾರಿಯೂ ಈ ಹೋಲಿಕೆಯ ಮುಖ್ಯವಾದ ಅಂಗಗಳು.

ಕಾಲದ ಮಾನವು ರೈತನಿಗೂ ವಿದ್ಯಾರ್ಥಿಗೂ ಉಪಕಾರಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಲೇವಾರಿಯೆಂಬ ಪದದ ಅರ್ಥವನ್ನು ವಿಚಾರಿಸಬೇಕು. ಮಂಜೂರಾದ ಅರ್ಜಿಯೂ ವಿಲೇವಾರಿಯೇ, ತಿರಸ್ಕೃತವಾದ ಅರ್ಜಿಯೂ ವಿಲೇವಾರಿಯೇ. ಹತ್ತನೆಯ ದಿನದಲ್ಲಿ ಪತ್ರವನ್ನು ಕೊಟ್ಟ ಕಛೇರಿಯೂ, ಹತ್ತನೆಯ ದಿನದಲ್ಲಿ ಒಂದು ಕಾಗದವು ಕಡಮೆಯಿದೆಯೆಂದು ಅರ್ಜಿಯನ್ನು ಹಿಂದಿರುಗಿಸಿದ ಕಛೇರಿಯೂ ಕಾಲಮಾನದ ದೃಷ್ಟಿಯಿಂದ ಸಮಾನವಾಗುವುವು. ತಿರಸ್ಕಾರದ ಪ್ರಮಾಣವನ್ನೂ ಅದರ ಕಾರಣಗಳನ್ನೂ ಶ್ರೇಣಿಯ ಪಕ್ಕದಲ್ಲಿಯೇ ಬರೆದ ಹೊರತು ಈ ಎರಡು ಕಛೇರಿಗಳ ಭೇದವು ಓದುವವನಿಗೆ ತಿಳಿಯದು.

೫

ರಾಜ್ಯಗಳನ್ನೂ ದೇಶಗಳನ್ನೂ ಹೋಲಿಸುವ ಅಳತೆಗಳಲ್ಲಿ ಈ ಸಮಸ್ಯೆಯು ಇನ್ನೂ ವಿಸ್ತಾರವಾಗಿ ಗೋಚರಿಸುವುದು. ವಿಶ್ವಸಂಸ್ಥೆಯ ವಿದ್ಯುನ್ಮಾನ ಆಡಳಿತದ ಸಮೀಕ್ಷೆಯು ಮೂರು ಸೂಚ್ಯಂಕಗಳ ಸರಾಸರಿಯಿಂದ ದೇಶಗಳಿಗೆ ಸ್ಥಾನವನ್ನು ಕೊಡುತ್ತದೆ: ಅಂತರ್ಜಾಲದ ಸೇವೆಗಳು, ದೂರಸಂಪರ್ಕದ ಸಾಧನಗಳು, ಜನರ ವಿದ್ಯಾಭ್ಯಾಸ. ೨೦೧೮ರ ಸಮೀಕ್ಷೆಯಲ್ಲಿ ಭಾರತಕ್ಕೆ ಸೇವೆಗಳಲ್ಲಿ ೦.೯೫೧೪, ದೂರಸಂಪರ್ಕದಲ್ಲಿ ೦.೨೦೦೯, ವಿದ್ಯಾಭ್ಯಾಸದಲ್ಲಿ ೦.೫೪೮೪ ಬಂದು, ಸರಾಸರಿಯು ೦.೫೬೬೯ ಆಗಿ ೯೬ನೆಯ ಸ್ಥಾನವು ದೊರೆಯಿತು. ಈ ಸರಾಸರಿಗೆ ಸರಿಹೊಂದುವ ವಸ್ತುವು ದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಸರ್ಕಾರವು ಸಿದ್ಧಪಡಿಸಿದ ಸೇವೆಗಳು ಜಗತ್ತಿನ ಮುಂದುವರಿದ ದೇಶಗಳಿಗೆ ಸಮೀಪವಾಗಿದ್ದುವು, ಅವನ್ನು ಮುಟ್ಟುವುದಕ್ಕೆ ಜನರಲ್ಲಿದ್ದ ಸಾಧನಗಳು ಬಹು ಹಿಂದಿದ್ದುವು. ಭಾರತದ ಅಂದಿನ ನಿಜಸ್ಥಿತಿಯು ಈ ಅಂತರದಲ್ಲಿಯೇ ಇದ್ದಿತು, ಸರಾಸರಿಯು ಅದನ್ನೇ ಮುಚ್ಚಿತು. ಮುಂದೆ ೨೦೨೦ರಲ್ಲಿ ೧೦೦ನೆಯ ಸ್ಥಾನವೂ, ೨೦೨೨ರಲ್ಲಿ ೧೦೫ನೆಯ ಸ್ಥಾನವೂ, ೨೦೨೪ರಲ್ಲಿ ೯೭ನೆಯ ಸ್ಥಾನವೂ ಬಂದುವು. ಈ ಸ್ಥಾನಗಳ ಏರಿಳಿತದಿಂದ ಮಾತ್ರವೇ ಚರಿತ್ರೆಯನ್ನು ಬರೆಯುವವನು ಈ ಕಾಲದಲ್ಲಿ ಹಳ್ಳಿಗಳಿಗೆ ದೂರವಾಣಿಯು ಹಬ್ಬಿದ ವಿಷಯವನ್ನು ಕಾಣದೆ ಹೋದಾನು.

ಭಾರತ ಸರ್ಕಾರದ ಆಡಳಿತ ಸುಧಾರಣೆಯ ಇಲಾಖೆಯು ರಾಜ್ಯಗಳ ಅಂತರ್ಜಾಲಸೇವೆಗಳನ್ನು ಎರಡು ವರ್ಷಗಳಿಗೊಮ್ಮೆ ಅಳೆಯುವ ಪದ್ಧತಿಯನ್ನು ೨೦೧೯ರಲ್ಲಿ ಆರಂಭಿಸಿತು. ಆ ವರ್ಷ ರಾಜ್ಯಗಳ ಮತ್ತು ಕೇಂದ್ರಾಡಳಿತ ಪ್ರದೇಶಗಳ ೮೭೨ ಸೇವೆಗಳೂ, ೨೦೨೧ರಲ್ಲಿ ೧,೪೦೦ ಸೇವೆಗಳೂ ಪರೀಕ್ಷಿಸಲ್ಪಟ್ಟುವು. ಇದು ಶೇಕಡ ೬೦ಕ್ಕೂ ಮಿಕ್ಕ ವೃದ್ಧಿಯು. ಸುಲಭವಾಗಿ ಪ್ರವೇಶಿಸಬಹುದೇ, ಮಾಹಿತಿಯು ಪೂರ್ಣವಾಗಿದೆಯೇ, ಗುಟ್ಟು ಕಾಪಾಡಲ್ಪಡುವುದೇ, ಅರ್ಜಿಯ ಗತಿಯನ್ನು ತಿಳಿಯಬಹುದೇ ಮೊದಲಾದ ಪ್ರಶ್ನೆಗಳನ್ನು ಇಲ್ಲಿ ಕೇಳಲಾಗಿದೆ. ಇವು ಉಚಿತವಾದ ಪ್ರಶ್ನೆಗಳೇ. ಆದರೆ ಇವು ಬಹುಮಟ್ಟಿಗೆ ಬಾಗಿಲನ್ನು ಪರೀಕ್ಷಿಸುವ ಪ್ರಶ್ನೆಗಳು. ಬಾಗಿಲ ಒಳಗೆ ಕೊಡಲ್ಪಡುವ ಪತ್ರವು ಸರಿಯಾಗಿದೆಯೇ ಎಂಬುದಕ್ಕೆ ಇವುಗಳಿಂದ ಉತ್ತರವು ಬಾರದು.

ಉದ್ಯಮಗಳ ವಿಷಯದಲ್ಲಿ ಕೋಲನ್ನು ಬದಲಿಸಿದರೆ ಫಲವು ಹೇಗೆ ಬದಲಾಗುವುದೆಂಬುದಕ್ಕೆ ಸ್ಪಷ್ಟವಾದ ದೃಷ್ಟಾಂತವು ದೊರೆಯುತ್ತದೆ. ಕಾರ್ಖಾನೆಗಳಿಗೂ ವ್ಯಾಪಾರಗಳಿಗೂ ಬೇಕಾದ ಅಪ್ಪಣೆಗಳನ್ನು ಏಕಗವಾಕ್ಷಿಯಿಂದ, ಅಂತರ್ಜಾಲದ ಮೂಲಕ ಕೊಡುವುದು ಮೊದಲಾದ ಸುಧಾರಣೆಗಳಲ್ಲಿ ರಾಜ್ಯಗಳ ಪ್ರಗತಿಯನ್ನು ಕೇಂದ್ರ ಸರ್ಕಾರವು ೨೦೧೫ರಿಂದ ಅಳೆಯತೊಡಗಿತು. ಮೊದಲ ವರ್ಷದ ೯೮ ಅಂಶಗಳು ಮರುವರ್ಷ ೩೪೦ ಆದುವು, ೨೦೧೭-೧೮ರಲ್ಲಿ ೩೭೨ ಆದುವು. ಆರಂಭದಲ್ಲಿ ರಾಜ್ಯಗಳು ತಾವೇ ಒದಗಿಸಿದ ದಾಖಲೆಗಳಿಂದ ನಿರ್ಣಯವಾಗುತ್ತಿದ್ದಿತು. ೨೦೧೭-೧೮ರಲ್ಲಿ ಉದ್ಯಮಿಗಳ ಅಭಿಪ್ರಾಯವನ್ನು ಅದಕ್ಕೆ ಸೇರಿಸಲಾಯಿತು. ೨೦೧೯ರ ಶ್ರೇಣಿಯಾದರೋ ಉದ್ಯಮಿಗಳ ಅಭಿಪ್ರಾಯವೊಂದರಿಂದಲೇ ರಚಿತವಾಯಿತು. ೨೦೧೭-೧೮ರಲ್ಲಿ ಎಂಟನೆಯದಾಗಿದ್ದ ಕರ್ನಾಟಕವು ೨೦೧೯ರದರಲ್ಲಿ ಹದಿನೇಳನೆಯದಾಯಿತು. ಹನ್ನೆರಡನೆಯದಾಗಿದ್ದ ಉತ್ತರ ಪ್ರದೇಶವು ಎರಡನೆಯದಾಯಿತು. ೨೦೨೦ರ ಆವೃತ್ತಿಯಲ್ಲಿ ಸ್ಥಾನಸಂಖ್ಯೆಗಳನ್ನೇ ಬಿಟ್ಟು ರಾಜ್ಯಗಳನ್ನು ವರ್ಗಗಳಾಗಿ ವಿಂಗಡಿಸಲಾಗಿ, ಕರ್ನಾಟಕವು ಅತ್ಯುಚ್ಚ ವರ್ಗದ ಏಳು ರಾಜ್ಯಗಳಲ್ಲಿ ಒಂದಾಯಿತು. ಇಷ್ಟು ಅಲ್ಪಕಾಲದಲ್ಲಿ ಕರ್ನಾಟಕದ ಕಛೇರಿಗಳು ಇಷ್ಟು ಕೆಟ್ಟು ಮತ್ತೆ ಇಷ್ಟು ಸುಧಾರಿಸಿದುವೆಂದು ನಂಬುವುದು ಕಷ್ಟ. ಈ ಏರಿಳಿತದಲ್ಲಿ ಗಳೆಯ ಭೇದವು ಎಷ್ಟು, ಹೊಲದ ಭೇದವು ಎಷ್ಟು ಎಂಬುದನ್ನು ವಿಂಗಡಿಸದೆ ಮೂರು ವರ್ಷಗಳ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆಯುವುದು ಶಾಸ್ತ್ರಸಮ್ಮತವಲ್ಲ.

ಕೋಲನ್ನು ಹಿಡಿದ ಕೈಯೇ ಅಲುಗಿದ ಪ್ರಸಂಗವೂ ಉಂಟು. ದೇಶಗಳಲ್ಲಿ ವ್ಯವಹಾರಸೌಲಭ್ಯವನ್ನು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ವಾರ್ಷಿಕ ವರದಿಯು ಅನೇಕ ಸರ್ಕಾರಗಳ ನೀತಿಯನ್ನೇ ತಿರುಗಿಸಿದ್ದಿತು. ೨೦೧೮ ಮತ್ತು ೨೦೨೦ರ ವರದಿಗಳ ಅಂಕಿಗಳಲ್ಲಿ ಅಕ್ರಮಗಳು ಕಂಡುಬಂದುದರಿಂದ ೨೦೨೧ರ ಸೆಪ್ಟೆಂಬರಿನಲ್ಲಿ ಆ ಬ್ಯಾಂಕು ವರದಿಯನ್ನೇ ನಿಲ್ಲಿಸಿತು. ಸ್ಥಾನವನ್ನು ಬಯಸುವವರ ಬಲವು ಅಳೆಯುವವನನ್ನೂ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ಬೇಕಿಲ್ಲ.

೬

ಭೂದಾಖಲೆಗಳ ವಿಷಯಕ್ಕೆ ಹಿಂದಿರುಗಿದರೆ, ಬಾಗಿಲನ್ನೂ ಒಳಮನೆಯನ್ನೂ ಬೇರೆ ಬೇರೆಯಾಗಿ ಅಳೆಯುವ ಪ್ರಯತ್ನವೊಂದು ೨೦೨೦ರಲ್ಲಿ ಪ್ರಕಟವಾದುದನ್ನು ಕಾಣಬಹುದು. ದೆಹಲಿಯ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಲಿಯು ರಚಿಸಿದ ಭೂದಾಖಲೆಗಳ ಸೂಚ್ಯಂಕದಲ್ಲಿ ಎರಡು ಭಾಗಗಳಿವೆ. ಹಕ್ಕುಪತ್ರ, ನಕ್ಷೆ, ನೋಂದಣಿ ಇವು ಎಷ್ಟರಮಟ್ಟಿಗೆ ಗಣಕಕ್ಕೆ ಏರಿವೆಯೆಂಬುದು ಮೊದಲನೆಯದು. ಏರಿದ ದಾಖಲೆಯ ಗುಣವು ಎಂತಹುದು ಎಂಬುದು ಎರಡನೆಯದು: ಮಾರಾಟವಾದ ಮೇಲೆ ಒಡೆಯನ ಹೆಸರು ಬದಲಾಗಿದೆಯೇ, ಎಷ್ಟು ಹಿಡುವಳಿಗಳು ಜಂಟಿಯಾಗಿ ಉಳಿದಿವೆ, ಪತ್ರದಲ್ಲಿರುವ ವಿಸ್ತೀರ್ಣಕ್ಕೂ ನಕ್ಷೆಯಲ್ಲಿರುವ ವಿಸ್ತೀರ್ಣಕ್ಕೂ ಹೊಂದಿಕೆಯಿದೆಯೇ. ಈ ಅಳತೆಯಲ್ಲಿ ೨೦೨೦ರಲ್ಲಿ ಮಧ್ಯಪ್ರದೇಶವು ಅಗ್ರಸ್ಥಾನವನ್ನು ಪಡೆಯಿತು. ಭೂಮಿ ಯೋಜನೆಯಿಂದ ದೇಶಕ್ಕೆ ಮಾರ್ಗದರ್ಶಿಯಾಗಿದ್ದ ಕರ್ನಾಟಕಕ್ಕೆ ಆ ಸ್ಥಾನವು ದೊರೆಯದುದು ಚಿಂತನೀಯವಾದ ವಿಷಯವು.

ಕರ್ನಾಟಕದ ಪಹಣಿಯು ಹಿಂದಿನ ಕೈಬರಹದ ಪುಸ್ತಕದ ನಿಷ್ಠೆಯುಳ್ಳ ಪ್ರತಿಯು. ಮೂಲದಲ್ಲಿ ತೀರಿಕೊಂಡ ತಾತನ ಹೆಸರಿದ್ದರೆ ಪ್ರತಿಯಲ್ಲಿಯೂ ಅದೇ ಹೆಸರು. ಅಣ್ಣತಮ್ಮಂದಿರು ನೆಲವನ್ನು ಬಾಯಿಮಾತಿನಲ್ಲಿ ಹಂಚಿಕೊಂಡು ಪೋಡಿಯಾಗದೆ ಉಳಿದಿದ್ದರೆ ಪ್ರತಿಯಲ್ಲಿಯೂ ಅದು ಜಂಟಿಯೇ. ಗ್ರಂಥಸಂಪಾದನೆಯನ್ನು ಬಲ್ಲ ವಿದ್ವಾಂಸರಿಗೆ ಇದು ಪರಿಚಿತವಾದ ಸಂಗತಿಯೇ. ಲಿಪಿಕಾರನು ಎಷ್ಟು ಶುದ್ಧವಾಗಿ ಬರೆದರೂ ಮಾತೃಕೆಯ ದೋಷವು ಪ್ರತಿಗೆ ಬಾರದೆ ಇರದು. ಪ್ರತಿಗಳ ಸಂಖ್ಯೆಯು ಹೆಚ್ಚಿದಷ್ಟೂ ಪಾಠವು ಶುದ್ಧವಾಯಿತೆಂದು ಯಾವ ಸಂಪಾದಕನೂ ಹೇಳಲಾರನು. ಜಮೀನಿನ ಒಂದು ಭಾಗವನ್ನು ಮಾರುವ ಮೊದಲು ಭೂಮಾಪಕನು ಸಿದ್ಧಪಡಿಸಿದ ೧೧-ಇ ನಕ್ಷೆಯು ಇರಬೇಕೆಂಬ ನಿಯಮವೂ, ಮೋಜಿಣಿಯ ಅರ್ಜಿಗಳನ್ನು ಗಣಕದ ಮೂಲಕ ನಡೆಸುವ ಏರ್ಪಾಡೂ, ಪೌತಿ ಖಾತೆಯ ಕಾರ್ಯವೂ ಮೂಲವನ್ನೇ ತಿದ್ದುವ ಪ್ರಯತ್ನಗಳು. ಇವು ನಿಧಾನವಾಗಿ ಸಾಗತಕ್ಕವು. ಒಂದು ಪೋಡಿಗೆ ಭೂಮಾಪಕನು ಹೊಲಕ್ಕೆ ಹೋಗಬೇಕು, ಬಾಧ್ಯಸ್ಥರೆಲ್ಲರೂ ಒಪ್ಪಬೇಕು, ಕಲ್ಲು ನೆಡಬೇಕು. ಅದೇ ಕಾಲದಲ್ಲಿ ಯಂತ್ರವು ಸಾವಿರಾರು ಪ್ರತಿಗಳನ್ನು ಮುದ್ರಿಸಿ ಕೊಡಬಲ್ಲುದು. ಮುದ್ರಿತ ಪ್ರತಿಗಳನ್ನೇ ಎಣಿಸುವ ಮಾನದಂಡವು ಭೂಮಾಪಕನ ಕಾರ್ಯವನ್ನು ಅಲ್ಪವೆಂದು ತೋರಿಸುವುದು. ಅಲ್ಪವೆಂದು ತೋರಿದ ಕಾರ್ಯಕ್ಕೆ ಸಿಬ್ಬಂದಿಯೂ ಹಣವೂ ಕಡಮೆಯಾಗುವುದು. ಮಾನದಂಡವು ಪ್ರಗತಿಯನ್ನು ತೋರಿಸುವುದಲ್ಲದೆ ಅದನ್ನು ತನ್ನ ದಾರಿಗೆ ಎಳೆದುಕೊಳ್ಳುವುದೂ ಉಂಟೆಂದು ಇದರಿಂದ ಸಿದ್ಧವಾಗುತ್ತದೆ.

ಈ ವಿವೇಚನೆಯಿಂದ ಮೂರು ವಿಷಯಗಳು ನಿಷ್ಪನ್ನವಾಗುವುವು. ಪ್ರದೇಶಗಳ ಪ್ರಗತಿಯನ್ನು ಹೇಳುವ ಯಾವ ಅಂಕಿಯನ್ನಾದರೂ ಅದರ ಮಾನದ ಹೆಸರಿನೊಡನೆಯೇ ಉದ್ಧರಿಸಬೇಕು. ಮಾನವು ಬದಲಾದಲ್ಲಿ ಹಿಂದಿನ ಅಂಕಿಯೊಡನೆ ಹೋಲಿಸಬಾರದು. ಕಾರ್ಯವನ್ನು ಮಾಡಿದವನ ಲೆಕ್ಕವನ್ನೂ, ಕಾರ್ಯದ ಫಲವನ್ನು ಪಡೆದವನ ಮಾತನ್ನೂ ಎದುರುಬದುರಾಗಿ ಇಡಬೇಕು. ಕೇಂದ್ರಕ್ಕೆ ಬರಲಾರದವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಭಿನ್ನವಾದ ಗುಣಗಳನ್ನು ಸರಾಸರಿಯಲ್ಲಿ ಕರಗಿಸದೆ ಬಿಡಿಬಿಡಿಯಾಗಿ ಬರೆಯಬೇಕು. ೨೦೦೨ರ ಸಮೀಕ್ಷೆಯು ಎರಡನೆಯದನ್ನೂ, ೨೦೨೦ರ ಭೂದಾಖಲೆಗಳ ಸೂಚ್ಯಂಕವು ಮೂರನೆಯದನ್ನೂ ಬಹುಮಟ್ಟಿಗೆ ಸಾಧಿಸಿದುವು. ಮೂರನ್ನೂ ಒಟ್ಟಾಗಿ ಪಾಲಿಸಿದ ಅಳತೆಯೊಂದು ಪ್ರತಿ ತಾಲ್ಲೂಕಿಗೂ ದೊರೆತ ಪಕ್ಷದಲ್ಲಿ, ಯಾವ ತಾಲ್ಲೂಕಿನಲ್ಲಿ ಮುದ್ರಣಯಂತ್ರವು ಬೇಕು, ಯಾವ ತಾಲ್ಲೂಕಿನಲ್ಲಿ ಸರಪಣಿಯನ್ನು ಹಿಡಿಯುವ ಭೂಮಾಪಕನು ಬೇಕು ಎಂಬುದು ಕಂದಾಯದ ಅಧಿಕಾರಿಗಳಿಗೆ ತಿಳಿಯುವುದು. ಪಹಣಿಯಲ್ಲಿ ಗುಂಟೆಯು ತಪ್ಪಿರುವ ರೈತನೂ ತನ್ನ ತಾಲ್ಲೂಕು ಮುಂದುವರಿದುದೋ ಹಿಂದುಳಿದುದೋ ಎಂಬುದನ್ನು ತಾನೇ ಓದಿ ತಿಳಿಯಬಹುದು.